ಮುದ್ದೆಗೂ ಲೆಕ್ಕ ಇದೆ ಕಣಪ್ಪ

ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳ್ತೀಯಂತೆ, ಕೇಳಿದರೆ ಚಳಿ ಅಂತೀಯಂತೆ. ಇರಬಹುದು. ಆದರೆ ಬಾಯಿ ಒಣಗೋದು, ಸುಸ್ತು, ಕಣ್ಣು ಮಂಜಾಗೋದು, ಗಾಯ ಬೇಗ ಮಾಯದಿರೋದು, ಇವೂ ಜೊತೆಗೂಡಿದರೆ ನೆಪ ಹುಡುಕಬೇಡ. ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿದಾಗ ಕಿಡ್ನಿ ಅದನ್ನು ಪೂರ್ತಿ ತಡೆದಿಟ್ಟುಕೊಳ್ಳಲಾಗದೆ ಮೂತ್ರಕ್ಕೆ ಬಿಡುತ್ತೆ. ಸಕ್ಕರೆ ಹೋಗುವಾಗ ನೀರನ್ನೂ ಎಳೆದುಕೊಂಡೇ ಹೋಗುತ್ತೆ, ಅದಕ್ಕೇ ಆ ದಾಹ. ಅಂದರೆ ಈ ಲಕ್ಷಣ ಕಾಣೋ ಹೊತ್ತಿಗೆ ಕಾಯಿಲೆ ಮನೆಯೊಳಗೆ ಬಂದು ಕೂತಿರುತ್ತೆ.

ಅದಕ್ಕೂ ಮುಂಚೆ ಕಾಣೋದು ಕತ್ತಿನ ಹಿಂದೆ, ಕಂಕುಳಲ್ಲಿ ಮಖಮಲ್ಲಿನಂತೆ ದಪ್ಪಗಾದ ಕಪ್ಪು. ಕೊಳೆ ಅಂದುಕೊಂಡು ಉಜ್ಜುವವರೇ ಜಾಸ್ತಿ. ಇನ್ಸುಲಿನ್ ಇದ್ದೂ ಮೈ ಅದಕ್ಕೆ ಸರಿಯಾಗಿ ಓಗೊಡುತ್ತಿಲ್ಲ ಅನ್ನೋದಕ್ಕೆ ಅದೊಂದು ಸುಳಿವು. ಗಂಡಸರ ಸೊಂಟ 90 ಸೆಂಟಿಮೀಟರ್, ಹೆಂಗಸರದು 80 ದಾಟಿದ್ದರೂ ಎಚ್ಚರ. ಎಷ್ಟೋ ಜನಕ್ಕೆ ಇದ್ಯಾವುದೂ ಇರೋದಿಲ್ಲ, ಆದ್ದರಿಂದ 30 ಆದಮೇಲೆ ಪರೀಕ್ಷೆ ಮಾಡಿಸಲೇಬೇಕು. ಬರಿಹೊಟ್ಟೆಯಲ್ಲಿ 100ರಿಂದ 125 ಬಂದರೆ ಹೊಸ್ತಿಲ ಮೇಲಿದ್ದೀಯ, 126 ಮುಟ್ಟಿದರೆ ಡಯಾಬಿಟಿಸ್. ಮೂರು ತಿಂಗಳ ಸರಾಸರಿ ಹೇಳೋ ಎಚ್‌ಬಿಎ1ಸಿ 6.5 ಆದರೂ ಅದೇ. ಲಕ್ಷಣ ಇಲ್ಲದಿದ್ದರೆ ಒಂದೇ ರಿಪೋರ್ಟಿಗೆ ಹೆದರಬೇಡ, ಇನ್ನೊಂದು ಸಲ ಮಾಡಿಸಿ ಡಾಕ್ಟರಿಗೆ ತೋರಿಸು.

ಈಗ ಊಟದ ವಿಷಯ. ನಮ್ಮ ಕಡೆಯವರಿಗೆ ಒಂದು ಭ್ರಮೆ: ಅನ್ನ ಬಿಟ್ಟು ಮುದ್ದೆಗೆ ಬಂದರೆ ಸಾಕು, ಎಷ್ಟು ನುಂಗಿದರೂ ನಡೆಯುತ್ತೆ. 100 ಗ್ರಾಂ ಅಕ್ಕಿಯಲ್ಲಿ ಕಾರ್ಬೋಹೈಡ್ರೇಟ್ ಸುಮಾರು 78 ಗ್ರಾಂ, ರಾಗಿಯಲ್ಲಿ 67. ವ್ಯತ್ಯಾಸ ಅಷ್ಟೇ! ರಾಗಿಯ ನಿಜವಾದ ಹೆಚ್ಚುಗಾರಿಕೆ ನಾರಿನಲ್ಲಿದೆ, ಸುಮಾರು 11 ಗ್ರಾಂ. ಅಕ್ಕಿಯಲ್ಲಿ ಮೂರೂ ಇಲ್ಲ. ಆದರೆ ಅದೇ ರಾಗಿಯನ್ನು ನುಣ್ಣಗೆ ಬೀಸಿ, ಜರಡಿ ಹಿಡಿದು, ತೆಳ್ಳಗೆ ಗಂಜಿ ಕಾಯಿಸಿ ಕುಡಿದರೆ ಸಕ್ಕರೆ ಸರ್ರನೆ ಏರುತ್ತೆ. ಬೆಲ್ಲ ಹಾಕಿದ ಮಾಲ್ಟ್ ಅಂತೂ ಕೇಳಲೇಬೇಡ. ಮುದ್ದೆ ಒಂದೇ ಇರಲಿ, ಅದೂ ಸಣ್ಣದು. ತಟ್ಟೆಯ ಅರ್ಧ ಸೊಪ್ಪು, ಬೀನ್ಸು, ಹೀರೇಕಾಯಿ. ಪಕ್ಕದಲ್ಲಿ ಹುರುಳಿಕಾಳಿನ ಬಸ್ಸಾರು, ತಿನ್ನುವವರಿಗೆ ಮೊಟ್ಟೆ, ಮೀನು. ಮೊದಲು ಕೋಸಂಬರಿ, ಪಲ್ಯ ತಿನ್ನು, ಮುದ್ದೆ ಆಮೇಲೆ ಮುರಿ. ಅದೇ ಊಟಕ್ಕೆ ಸಕ್ಕರೆ ಕಡಿಮೆ ಏರುತ್ತೆ. ಉಂಡ ತಕ್ಷಣ ಮೊಬೈಲ್ ಹಿಡಿದು ಒರಗಬೇಡ, ಹತ್ತು ಹದಿನೈದು ನಿಮಿಷ ನಡೆ.

ಬೆಲ್ಲ, ಜೇನುತುಪ್ಪ ಒಳ್ಳೆಯದು ಅಂತ ಹೇಳುವವರು ಸಿಗುತ್ತಾರೆ. ರಕ್ತಕ್ಕೆ ಅವೂ ಸಕ್ಕರೆಯೇ. ಹಣ್ಣನ್ನು ಜ್ಯೂಸ್ ಮಾಡದೆ ಕಚ್ಚಿ ತಿನ್ನು.

ಒಂದು ವೇಳೆ ಡಾಕ್ಟರು ಮಾತ್ರೆ ಬರೆದರೆ, ಮುದ್ದೆ ಬಿಟ್ಟೆ, ಮೆಂತ್ಯ ನೀರು ಕುಡಿದೆ ಅಂತ ನೀನಾಗಿ ನಿಲ್ಲಿಸಬೇಡ. ಸಕ್ಕರೆ ಇಳಿಸೋ ಕೆಲವು ಮಾತ್ರೆ, ಇನ್ಸುಲಿನ್ ತಗೊಂಡು ಏಕಾದಶಿ ಅಂತ ಉಪವಾಸ ಕೂತರೆ ಶುಗರ್ 70ಕ್ಕಿಂತ ಕೆಳಗೆ ಬೀಳಬಹುದು. ಮೈ ಬೆವರಿ ಕೈ ನಡುಗಿದರೆ ತಕ್ಷಣ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡು. ಆ ಹೊತ್ತಲ್ಲಿ ಪಥ್ಯದ ಮಾತು ಎತ್ತಿದರೆ ಬೈತೀನಿ.