ಟೈಲ್ಸ್ ಹಿಂದಿನ ಗೋಡೆ

ಬಚ್ಚಲಿಗೆ ಟೈಲ್ಸ್ ಬಣ್ಣ ಆರಿಸಿದ್ದಾಯಿತು ಅಂದೆಯಲ್ಲ ಮಗಾ, ಸಂತೋಷ. ಅದರ ಹಿಂದಿನ ಗೋಡೆಗೆ ಏನು ಮಾಡಿಸ್ತೀಯ ಅಂದರೆ, ‘ಮೇಸ್ತ್ರಿ ನೋಡ್ಕೋತಾರೆ ತಾತ’ ಅಂತೀಯ. ಮೇಸ್ತ್ರಿ ನೋಡಿಕೊಳ್ಳುವುದು ಕೆಲಸ ಮುಗಿಯುವ ತನಕ. ಆಮೇಲೆ ವರ್ಷಗಟ್ಟಲೆ ನೋಡಿಕೊಳ್ಳಬೇಕಾದವನು ನೀನು.

ಟೈಲ್ಸ್ ಹಾಕಿದ ಮೇಲೆ ನೀರು ಒಳಗೆ ಹೋಗಲ್ಲ ಅಂತ ನಿನ್ನ ಲೆಕ್ಕ. ಟೈಲ್ಸ್ ಕುಡಿಯದಿದ್ದರೂ ಸಂದಿಗೆ ತುಂಬುವ ಸಿಮೆಂಟ್ ಗ್ರೌಟ್ ನೀರು ಕುಡಿಯುತ್ತೆ. ಮನೆಮಂದಿಯೆಲ್ಲ ದಿನಾ ಶವರ್ ಕೆಳಗೆ ನಿಂತರೆ ಗೋಡೆಗೆ ಒಣಗಲು ಪುರುಸೊತ್ತೆಲ್ಲಿ? ಒಂದು ದಿನ ಪಕ್ಕದ ಕೋಣೆಯಲ್ಲಿ ಬೀರು ಸರಿಸಿದಾಗ ಬಣ್ಣ ಗುಳ್ಳೆ ಎದ್ದಿರುತ್ತೆ. ಬೆರಳಲ್ಲಿ ಒತ್ತಿದರೆ ಬಿಳಿ ಉಪ್ಪು ಉದುರುತ್ತೆ. ಮೇಲೆ ಥಳಕು, ಒಳಗೆ ಹುಳುಕು!

ಮೊದಲು ಪೈಪು. ಒತ್ತಡ ಕೊಟ್ಟು ಪರೀಕ್ಷೆ ಮಾಡಿಸಿದ ಮೇಲೇ ಗೋಡೆ ಕೊರೆದ ಜಾಗವನ್ನು ಗಾರೆಯಿಂದ ಮುಚ್ಚಿಸು. ಮುಚ್ಚುವ ಮೊದಲು ಫೋಟೊ ತೆಗಿ. ತಿನ್ನೋ ದೋಸೆಗೆಲ್ಲ ತೆಗೀತೀಯ, ಇದಕ್ಕೂ ತೆಗಿ. ನಾಳೆ ಟವೆಲ್ ಕಂಬಿಗೆ ಡ್ರಿಲ್ ಮಾಡುವಾಗ ಪೈಪಿಗೆ ತೂತು ಬೀಳಲ್ಲ.

ಪ್ಲಾಸ್ಟರಿಗೆ ಕನಿಷ್ಠ 7 ದಿನ ನೀರು ಹೊಡೆಸು. ಆಮೇಲೆ ಗೋಡೆ ತಟ್ಟಿ ನೋಡು. ಟೊಳ್ಳು ಸದ್ದು ಬಂದ ಕಡೆ ಕಿತ್ತು ಮತ್ತೆ ಮಾಡಿಸು, ದಾಕ್ಷಿಣ್ಯ ಬೇಡ. ನೆಲ ಗೋಡೆ ಸೇರುವ ಮೂಲೆಯೇ ನೀರಿನ ಕಳ್ಳದಾರಿ. ಅಲ್ಲಿ ಗಾರೆಯನ್ನು ಗೋಲಾಗಿ ತಿದ್ದಿಸಿ ಫೈಬರ್ ಜಾಲರಿ ಕೂರಿಸು. ನೀರು ಹೊರಹೋಗುವ ನಹಾನಿ ಟ್ರ್ಯಾಪ್ ಸುತ್ತ, ನಲ್ಲಿ ಪೈಪ್ ಹೊರಬರುವಲ್ಲೂ ಅಷ್ಟೇ ಕಾಳಜಿ ಇರಲಿ.

ಈಗ ದೂಳು ಒರೆಸಿ, ಸಿಮೆಂಟ್‌ಗೆ ಪಾಲಿಮರ್ ಬೆರೆಸಿದ ವಾಟರ್‌ಪ್ರೂಫಿಂಗ್ ಎರಡು ಕೋಟ್ ಹೊಡೆಸು. ಮೊದಲನೆಯದು ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ. ನಡುವೆ ಎಷ್ಟು ಹೊತ್ತು ಒಣಗಬೇಕೆಂದು ಡಬ್ಬಿಯ ಮೇಲೇ ಬರೆದಿರುತ್ತೆ, ಓದು. ನೆಲಕ್ಕೆ ಪೂರ್ತಿ ಬಳಿಸು. ‘ಗೋಡೆಗೆ ಒಂದಡಿ ಸಾಕು ಸಾರ್’ ಅಂತಾರೆ. ಉಳಿದ ಗೋಡೆಗೆ ಸರಿ, ಶವರ್ ಇರುವ ಕಡೆ ಸಾಲದು. ನೀನೇನು ಮೊಣಕಾಲಿಗಷ್ಟೇ ಸ್ನಾನ ಮಾಡ್ತೀಯಾ? ಅಲ್ಲಿ ಶವರಿಗಿಂತ ಮೇಲಕ್ಕೆ, ಸುಮಾರು 7 ಅಡಿ ತನಕ ಬಳಿಸು.

ಅದು ಗಟ್ಟಿಯಾದ ಮೇಲೆ ಟ್ರ್ಯಾಪ್ ಬಾಯಿ ಮುಚ್ಚಿ ನೀರು ನಿಲ್ಲಿಸು, ಗೋಡೆಗೆ ಪೆನ್ಸಿಲ್ ಗೆರೆ ಎಳಿ. 24ರಿಂದ 48 ಗಂಟೆ ಕಾದು ನೋಡು. ಕೂದಲೆಳೆಯಷ್ಟು ಇಳಿದರೆ ಆವಿಯಾಗಿದೆ. ಬೆರಳಗಲ ಇಳಿದರೆ ಎಲ್ಲೋ ಸೋರಿದೆ. ಕೆಳಗಿನ ಮನೆಯ ಸೂರನ್ನೂ ನೋಡಿ ಬಾ. ಪಾಸಾದ ಮೇಲೆ ವಾಟರ್‌ಪ್ರೂಫಿಂಗ್ ಬಳಿದ ಕಡೆ ಒಂದು ಮೊಳೆಯನ್ನೂ ಹೊಡೆಯಲು ಬಿಡಬೇಡ. ಟ್ರ್ಯಾಪ್ ಕಡೆಗೆ ವಾಟ ಕೊಡಿಸಿ ಟೈಲ್ಸ್ ಹಾಕಿಸು. ಟೈಲ್ಸ್ ಬೆನ್ನಿನ ನಾಲ್ಕು ಮೂಲೆಗೆ ನಾಲ್ಕು ಮುದ್ದೆ ಅಂಟು ಮೆತ್ತಿದರೆ ನಡುವೆ ಪೊಳ್ಳು ಉಳಿದು ನೀರು ನಿಲ್ಲುತ್ತೆ. ಅಂಟು ಪೂರ್ತಿ ಹರಡಿರಲಿ.

ಇಷ್ಟೆಲ್ಲ ಹೇಳಿದರೂ ನೀನು ಎಡವೋದು ಎಲ್ಲಿ ಅಂತ ಗೊತ್ತು. ಗೃಹಪ್ರವೇಶಕ್ಕೆ ಕಾರ್ಡು ಹಂಚಿಬಿಟ್ಟಿರ್ತೀಯ, ಒಣಗಬೇಕಾದ ದಿನಗಳನ್ನೇ ಕತ್ತರಿಸ್ತೀಯ. ಹಾಗಾದರೆ ಆ ಬಚ್ಚಲಿಗೆ ಬೀಗ ಹಾಕಿ ಪೂಜೆ ಮಾಡಿಸು ಮಾರಾಯ. ಹಾಲು ಉಕ್ಕಿಸೋದು ಅಡುಗೆಮನೆಯಲ್ಲಿ ತಾನೆ?