ಶೇಕರ್ ಬಾಗಿಲು ಆರಿಸುವ ಮುನ್ನ
1774ರಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ವಲಸೆ ಹೋದ ಶೇಕರ್ ಎಂಬ ಕ್ರೈಸ್ತ ಪಂಥದವರ ನಿರಾಡಂಬರ ಪೀಠೋಪಕರಣಗಳಿಂದ ಹೆಸರು ಪಡೆದ, ಅಡುಗೆಮನೆ ಕಪಾಟಿನ ಶೇಕರ್ ಬಾಗಿಲಿಗೆ ಎರಡು ನಿಲುಪಟ್ಟಿ, ಎರಡು ಅಡ್ಡಪಟ್ಟಿಗಳ ಚೌಕಟ್ಟಿದ್ದು, ಅದರ ಒಳಅಂಚಿನಲ್ಲಿ ಕೊರೆದ ಸಂದಿನೊಳಗೆ ಸಪಾಟಾದ ಹಲಗೆಯೊಂದು ಕೂರುತ್ತದೆ. ಹಲಗೆ ಅಪ್ಪಟ ಮರದ್ದಾಗಿದ್ದರೆ ಅದನ್ನು ಅಂಟು ಹಾಕಿ ಬಿಗಿಯಕೂಡದು. ಅಡುಗೆಮನೆಯ ಆವಿಗೆ ಹಿಗ್ಗಿ ಒಣಹವೆಗೆ ಕುಗ್ಗುವ ಮರಕ್ಕೆ ಆಡಲು ಜಾಗವಿಲ್ಲದಿದ್ದರೆ ಹಲಗೆ ಸೀಳುತ್ತದೆ, ಇಲ್ಲವೇ ಮೂಲೆಯ ಜೋಡಣೆ ಬಿಟ್ಟುಕೊಳ್ಳುತ್ತದೆ. ಬಣ್ಣ ಬಳಿಸುವುದಾದರೆ ಎಂಡಿಎಫ್, ಅಂದರೆ ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ ಹಲಗೆಯೇ ಮೇಲು. ಅದು ಹೆಚ್ಚು ಹಿಗ್ಗದ ಕಾರಣ ಬಣ್ಣ ಬಿರಿಯುವುದು ಕಡಿಮೆಯಾದರೂ, ಸಿಂಕಿನ ಬಳಿ ನೀರಿಳಿದರೆ ಅಂಚು ಉಬ್ಬುವುದಂತೂ ಖಂಡಿತ. ನಿತ್ಯ ಒಗ್ಗರಣೆ ಸಿಡಿಯುವ ಮನೆಗಳಲ್ಲಿ ಚೌಕಟ್ಟಿನ ಒಳಮೂಲೆಗೆ ಜಿಡ್ಡು ಹಿಡಿಯುವುದರಿಂದ, ಒಲೆಯ ಅಕ್ಕಪಕ್ಕದ ಬಾಗಿಲುಗಳಿಗೆ ಒಳಅಂಚನ್ನು ಇಳಿಜಾರಾಗಿ ಕೊರೆಸುವುದು ಲೇಸು. ಗಿಡ್ಡ ಡ್ರಾಯರುಗಳಿಗೆ ಚೌಕಟ್ಟಿಲ್ಲದ ಸಾದಾ ಹಲಗೆಯೇ ಸಾಕು.