ವಿಮಾನ ಆಕಾಶದಲ್ಲಿ ನಿಲ್ಲುತ್ತದೆಯೇ?

ಕೆಂಕೆರೆ, ಹುಳಿಯಾರು ಕಡೆಯ ತೋಟಗಳಲ್ಲಿ ತಲೆ ಎತ್ತಿ ನೋಡಿದರೆ ತೆಂಗಿನ ಗರಿಗಳ ಸಂದಿಯಲ್ಲಿ ಆಗಾಗ ವಿಮಾನ ಕಾಣುತ್ತದೆ. ಒಂದು ಗರಿಯಿಂದ ಇನ್ನೊಂದು ಗರಿಗೆ ದಾಟಲು ಅದು ತೆಗೆದುಕೊಳ್ಳುವ ಹೊತ್ತು ನೋಡಿದರೆ ನಿಂತೇಬಿಟ್ಟಿತೇನೋ ಅನ್ನಿಸುತ್ತದೆ. ತರಗತಿಯಲ್ಲಿ ಮಕ್ಕಳು ಕೇಳುವ ಪ್ರಶ್ನೆಗಳಲ್ಲಿ ಇದಕ್ಕೊಂದು ಖಾಯಂ ಜಾಗವಿದೆ: ‘ಸಾರ್, ವಿಮಾನ ಮೇಲೇನೇ ಬ್ರೇಕ್ ಹಾಕಿ ನಿಲ್ಲಬಹುದಾ?’ ದೊಡ್ಡವರಿಗೂ ಇದೇ ಅನುಮಾನ, ಕೇಳಲು ಸಂಕೋಚ ಅಷ್ಟೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಾವು ಟಿಕೆಟ್ ತೆಗೆಸಿ ಹತ್ತುವ ವಿಮಾನ ನಿಲ್ಲಲಾರದು. ಹೆಲಿಕಾಪ್ಟರ್ ನಿಲ್ಲುತ್ತದೆ. ಕೆಲವು ಯುದ್ಧವಿಮಾನಗಳು ಸ್ವಲ್ಪ ಹೊತ್ತು, ಬಹಳ ಕಷ್ಟಪಟ್ಟು ನಿಲ್ಲುತ್ತವೆ. ಯಾಕೆ ಹೀಗೆ ಎನ್ನುವುದಷ್ಟೇ ಇನ್ನು ಉಳಿದಿರುವುದು.

ಮೊದಲು ಕಣ್ಣಿನ ಮೋಸ ನೋಡೋಣ. ಸುಮಾರು ಹತ್ತು ಕಿಲೋಮೀಟರ್ ಎತ್ತರದಲ್ಲಿ ಹೋಗುವ ಜೆಟ್ ವಿಮಾನದ ವೇಗ ಗಂಟೆಗೆ 850 ಕಿ.ಮೀ. ಆಸುಪಾಸು, ಅಂದರೆ ಸೆಕೆಂಡಿಗೆ 235 ಮೀಟರ್. ದೂರ ಹೆಚ್ಚಾದಷ್ಟೂ ಆ ಓಟ ನಮ್ಮ ಕಣ್ಣಿಗೆ ತೆವಳಿದಂತೆ ಕಾಣುತ್ತದೆ. ಗಾತ್ರವೂ ಕಣ್ಣನ್ನು ಏಮಾರಿಸುತ್ತದೆ. 2022ರ ಅಕ್ಟೋಬರಿನಲ್ಲಿ ದುಬೈನಿಂದ ಎ380 ಎಂಬ ಭಾರೀ ವಿಮಾನ ಬೆಂಗಳೂರಿಗೆ ಬರತೊಡಗಿತು. ಅದು ಇಳಿಯುವುದನ್ನು ನೋಡಿದವರು ‘ತೇಲಿಕೊಂಡು ಬಂತು’ ಅನ್ನುತ್ತಾರೆ. ಅದರ ಉದ್ದ ಸುಮಾರು 73 ಮೀಟರ್. ನಾವು ಸಾಮಾನ್ಯವಾಗಿ ಹತ್ತುವ ಎ320ರ ಉದ್ದ ಸುಮಾರು 37 ಮೀಟರ್. ಇಳಿಯುವಾಗ ಎರಡರ ವೇಗವೂ ಹೆಚ್ಚು ಕಡಿಮೆ ಒಂದೇ, ಗಂಟೆಗೆ 250 ಕಿ.ಮೀ. ಸುತ್ತಮುತ್ತ. ಆದರೆ ತನ್ನ ಮೈಯುದ್ದ ಸಾಗಲು ಎ320ಕ್ಕೆ ಅರ್ಧ ಸೆಕೆಂಡು ಸಾಕು, ಎ380ಕ್ಕೆ ಒಂದು ಸೆಕೆಂಡು ಬೇಕು. ಕಣ್ಣು ವೇಗವನ್ನು ಅಳೆಯುವುದು ಆ ಮೈಯುದ್ದದ ಲೆಕ್ಕದಲ್ಲಿ, ಹಾಗಾಗಿ ದೊಡ್ಡದು ನಿಧಾನ ಅನ್ನಿಸುತ್ತದೆ. ಕತ್ತಲಾದ ಮೇಲೆ ದೀಪ ಹಾಕಿಕೊಂಡು ನೇರ ನಮ್ಮ ಕಡೆಗೇ ಬರುವ ವಿಮಾನವಂತೂ ಎಡಕ್ಕೂ ಸರಿಯದೆ ಬಲಕ್ಕೂ ಸರಿಯದೆ ನಿಮಿಷಗಟ್ಟಲೆ ನಕ್ಷತ್ರದ ಹಾಗೆ ಒಂದೇ ಕಡೆ ಇರುತ್ತದೆ.

ಈಗ ನಿಜವಾದ ವಿಷಯ. ವಿಮಾನವನ್ನು ಎಂಜಿನ್ ಎತ್ತಿ ಹಿಡಿದಿರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಲೆಕ್ಕ ಹಾಕಿ ನೋಡಿ. ಜನ, ಸಾಮಾನು, ಇಂಧನ ಎಲ್ಲ ತುಂಬಿದ ಎ320 ಸುಮಾರು 78 ಟನ್ ತೂಗುತ್ತದೆ. ಅದರ ಎರಡೂ ಎಂಜಿನ್ ಪೂರ್ತಿ ಜೋರು ಮಾಡಿದರೂ ಒಟ್ಟು ಸುಮಾರು 24 ಟನ್‌ ಭಾರಕ್ಕೆ ಸಮನಾದ ಬಲದಿಂದ ತಳ್ಳುತ್ತವೆ. ಅಂದರೆ ತೂಕದ ಮೂರನೇ ಒಂದು ಭಾಗವೂ ಇಲ್ಲ. ಮೂತಿಯನ್ನು ನೆಟ್ಟಗೆ ಮೇಲಕ್ಕೆ ಮಾಡಿ ನಿಲ್ಲಿಸಿದರೂ ಆ ಎಂಜಿನ್ನುಗಳು ವಿಮಾನವನ್ನು ಹೊರಲಾರವು. ಹೊರುವುದು ರೆಕ್ಕೆ. ಎಂಜಿನ್ನಿನ ಕೆಲಸ ರೆಕ್ಕೆಯನ್ನು ಗಾಳಿಯೊಳಗೆ ಮುಂದಕ್ಕೆ ಓಡಿಸುವುದು. ಓಡುವ ರೆಕ್ಕೆ ಎದುರಾದ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ, ಗಾಳಿ ರೆಕ್ಕೆಯನ್ನು ಮೇಲಕ್ಕೆ ಒತ್ತುತ್ತದೆ.

ವೇಗ ಕಡಿಮೆಯಾದರೆ ಈ ಒತ್ತು ಕಡಿಮೆಯಾಗುತ್ತದೆ. ಪೈಲಟ್ ಮೂತಿ ಎತ್ತಿ, ರೆಕ್ಕೆಯನ್ನು ಗಾಳಿಗೆ ಇನ್ನಷ್ಟು ಓರೆ ಮಾಡಿ ಸರಿದೂಗಿಸಬಹುದು. ಆದರೆ ಅದಕ್ಕೂ ಮಿತಿಯಿದೆ. ಓರೆ ಸುಮಾರು 15 ಡಿಗ್ರಿ ದಾಟಿದರೆ ಗಾಳಿ ರೆಕ್ಕೆಯ ಮೇಲ್ಮೈಗೆ ಅಂಟಿಕೊಂಡು ಹರಿಯದೆ ಕಿತ್ತುಕೊಳ್ಳುತ್ತದೆ, ಎತ್ತುವ ಬಲ ಥಟ್ಟನೆ ಕುಸಿಯುತ್ತದೆ. ಪೈಲಟ್‌ಗಳು ಇದಕ್ಕೆ ಸ್ಟಾಲ್ ಅನ್ನುತ್ತಾರೆ. ಎಂಜಿನ್ ಆಫ್ ಆಯಿತು ಎಂದು ಇದರ ಅರ್ಥವಲ್ಲ. ಎಂಜಿನ್ ಚೆನ್ನಾಗಿ ಓಡುತ್ತಿರುವಾಗಲೂ ರೆಕ್ಕೆ ಸ್ಟಾಲ್ ಆಗಬಹುದು. ಆದ್ದರಿಂದಲೇ ಡಿಸೆಂಬರ್-ಜನವರಿಯ ಬೆಳಗ್ಗೆ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಮಂಜು ಕವಿದಾಗ ಬಂದ ವಿಮಾನಗಳು ಮೇಲೆ ನಿಂತು ಕಾಯುವುದಿಲ್ಲ, ಸುತ್ತು ಹೊಡೆಯುತ್ತವೆ. ಎರಡು ಉದ್ದದ ಬದಿ, ಎರಡು ತಿರುವು, ಒಂದು ಸುತ್ತಿಗೆ ಸುಮಾರು ನಾಲ್ಕು ನಿಮಿಷ. ಇಂಧನ ಸಾಲದಾದೀತು ಅನ್ನಿಸಿದರೆ ಚೆನ್ನೈಗೋ ಹೈದರಾಬಾದಿಗೋ ಹೋಗಿ ಇಳಿಯುತ್ತವೆ.

ಇಲ್ಲಿ ಸ್ವಲ್ಪ ನಿಧಾನಿಸಬೇಕು, ಹೊಸಬರು ಎಡವುವ ಜಾಗ ಇದು. ರೆಕ್ಕೆಗೆ ಬೇಕಾದದ್ದು ಗಾಳಿಯ ಓಟ ಮಾತ್ರ. ಕೆಳಗೆ ನೆಲ ಓಡುತ್ತಿದೆಯೋ ಇಲ್ಲವೋ ಅದಕ್ಕೆ ಗೊತ್ತೂ ಆಗುವುದಿಲ್ಲ. ಆಷಾಢದಲ್ಲಿ ಹಾರಿಸುವ ಗಾಳಿಪಟವನ್ನೇ ನೋಡಿ. ದಾರ ಹಿಡಿದ ಹುಡುಗನ ಲೆಕ್ಕದಲ್ಲಿ ಅದು ನಿಂತಿದೆ, ಗಾಳಿಯ ಲೆಕ್ಕದಲ್ಲಿ ಓಡುತ್ತಿದೆ. ಹಗುರ ವಿಮಾನಕ್ಕೂ ಇದು ಸಾಧ್ಯ. ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ, 1958ರಲ್ಲಿ ಮೊದಲು ಹಾರಿದ ಪುಷ್ಪಕ್ ಎಂಬ ಎರಡು ಸೀಟಿನ ಪುಟ್ಟ ವಿಮಾನವಿತ್ತು. ಅಂಥದ್ದಕ್ಕೆ ಗಂಟೆಗೆ 60-70 ಕಿ.ಮೀ. ವೇಗದಷ್ಟು ಗಾಳಿ ರೆಕ್ಕೆಯ ಮೇಲೆ ಹರಿದರೆ ಸಾಕು. ಎದುರಿನಿಂದ ಅಷ್ಟೇ ಜೋರಿನ ಗಾಳಿ ಬೀಸಿತು ಅನ್ನಿ, ಕೆಳಗಿನಿಂದ ನೋಡಿದವರಿಗೆ ವಿಮಾನ ಇದ್ದಲ್ಲೇ ಇರುತ್ತದೆ. ಗಾಳಿ ಇನ್ನೂ ಜೋರಾದರೆ ಹಿಂದಕ್ಕೂ ಸರಿಯುತ್ತದೆ! ಎ320ಕ್ಕೆ ಮಾತ್ರ ಈ ಉಪಾಯ ನಡೆಯದು, ಅದಕ್ಕೆ ಬೇಕಾದಷ್ಟು ಗಾಳಿ ಚಂಡಮಾರುತದಲ್ಲೂ ಸಿಗುವುದು ಕಷ್ಟ.

ಹಾಗಾದರೆ ಗಾಳಿಯೇ ಇಲ್ಲದಾಗ ನಿಲ್ಲಬೇಕಾದರೆ? ಮೈಯನ್ನು ನಿಲ್ಲಿಸಿ ರೆಕ್ಕೆಯನ್ನು ಮಾತ್ರ ಓಡಿಸಬೇಕು. ಕೆರೆ ಏರಿಯ ಮೇಲೆ ಕೂತು ನೋಡಿದವರಿಗೆ ಕಪ್ಪು-ಬಿಳಿ ಮಿಂಚುಳ್ಳಿ ಗೊತ್ತಿರುತ್ತದೆ. ನೀರಿನ ಮೇಲೆ ಒಂದೇ ಕಡೆ, ಕೊಕ್ಕು ಕೆಳಗೆ ಮಾಡಿ, ರೆಕ್ಕೆ ಪಟಪಟ ಬಡಿಯುತ್ತಾ ನಿಂತು ಮೀನು ಕಂಡ ಕೂಡಲೇ ಕಲ್ಲು ಬಿದ್ದ ಹಾಗೆ ಬೀಳುತ್ತದೆ. ಹೆಲಿಕಾಪ್ಟರ್ ರೆಕ್ಕೆಯನ್ನು ಬಡಿಯುವ ಬದಲು ತಿರುಗಿಸುತ್ತದೆ. ತಲೆಯ ಮೇಲೆ ತಿರುಗುವ ಒಂದೊಂದು ಅಲಗೂ ಒಂದೊಂದು ರೆಕ್ಕೆ.

ಚುನಾವಣೆ ಬಂದಾಗ ನಮ್ಮ ಕಡೆಯ ಯಾವುದಾದರೂ ಮೈದಾನದಲ್ಲಿ ಹೆಲಿಕಾಪ್ಟರ್ ಇಳಿಯುತ್ತದಲ್ಲ, ಆಗ ನಾಯಕರನ್ನು ಬಿಟ್ಟು ಯಂತ್ರವನ್ನು ನೋಡಿ. ಸುಣ್ಣದಲ್ಲಿ ವೃತ್ತ ಬರೆದು, ಟ್ಯಾಂಕರ್ ತಂದು ನೀರು ಹೊಡೆದಿರುತ್ತಾರೆ. ಆದರೂ ದೂಳು ಎದ್ದು, ಜನ ಟವೆಲ್ಲು, ಸೆರಗು ಮುಖಕ್ಕೆ ಅಡ್ಡ ಹಿಡಿಯುತ್ತಾರೆ. ಆ ದೂಳೇ ಸಾಕ್ಷಿ: ತನ್ನ ತೂಕವನ್ನು ಹೊರುವಷ್ಟು ಗಾಳಿಯನ್ನು ಅದು ಸತತವಾಗಿ ಕೆಳಕ್ಕೆ ತಳ್ಳುತ್ತಲೇ ಇರಬೇಕು. ಹೊರಡುವಾಗ ಇನ್ನೂ ಚೆನ್ನಾಗಿ ಗಮನಿಸಿ. ಆಳೆತ್ತರ ಏಳುತ್ತದೆ, ಮೂತಿ ತಗ್ಗಿಸುತ್ತದೆ, ಮೈದಾನದ ಉದ್ದಕ್ಕೂ ಓಡಿ ಆಮೇಲೆ ಮೇಲೇರುತ್ತದೆ. ಇದು ಠೀವಿಗಲ್ಲ. ನಿಂತಲ್ಲೇ ನಿಲ್ಲುವುದಕ್ಕಿಂತ ಒಂದಿಷ್ಟು ವೇಗದಲ್ಲಿ ಮುಂದೆ ಹೋಗಲು ಹೆಲಿಕಾಪ್ಟರ್‌ಗೆ ಕಡಿಮೆ ಶಕ್ತಿ ಸಾಕು. ನಿಲ್ಲುವುದೇ ಅದಕ್ಕೆ ದುಬಾರಿ ಕೆಲಸ. ಮೇಲೇರಲು ಅಲಗುಗಳನ್ನು ಜೋರಾಗಿ ತಿರುಗಿಸುತ್ತಾರೆ ಎನ್ನುವುದೂ ತಪ್ಪು. ತಿರುಗುವ ವೇಗ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ, ಪೈಲಟ್ ಬದಲಿಸುವುದು ಅಲಗಿನ ಓರೆಯನ್ನು. ಈಗ ಹೊಲಗಳಿಗೆ ಔಷಧಿ ಹೊಡೆಯಲು ಬಂದಿರುವ ಡ್ರೋನ್ ಮಾತ್ರ ಮೋಟಾರುಗಳ ವೇಗವನ್ನೇ ಹೆಚ್ಚು ಕಡಿಮೆ ಮಾಡಿಕೊಂಡು ನಿಲ್ಲುತ್ತದೆ. ತುಂಬಿದ ಟ್ಯಾಂಕ್ ಹೊತ್ತರೆ ಹತ್ತು-ಹದಿನೈದು ನಿಮಿಷಕ್ಕೆಲ್ಲ ಅದರ ಬ್ಯಾಟರಿ ಮುಗಿಯುವುದು ಈ ದುಬಾರಿ ನಿಲುವಿನಿಂದಲೇ.

ಇಂಥ ನಿಲ್ಲುವ ಯಂತ್ರಗಳ ದೊಡ್ಡ ಕಾರ್ಖಾನೆ ನಮ್ಮ ತುಮಕೂರು ಜಿಲ್ಲೆಯಲ್ಲೇ ಇದೆ ಎಂಬುದನ್ನು ಮಕ್ಕಳಿಗೆ ನಾನು ಒತ್ತಿ ಹೇಳುತ್ತೇನೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಘಟಕಕ್ಕೆ 2016ರ ಜನವರಿ 3ರಂದು ಶಂಕುಸ್ಥಾಪನೆಯಾಯಿತು, 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಅಲ್ಲಿ ಮೊದಲಿಗೆ ಕೈಗೆತ್ತಿಕೊಂಡದ್ದು ಮೂರು ಟನ್ ವರ್ಗದ, ಒಂದೇ ಎಂಜಿನ್ನಿನ ಲಘು ಹೆಲಿಕಾಪ್ಟರ್. ಅದನ್ನು 2020ರಲ್ಲಿ ಲಡಾಖಿನ ದೌಲತ್ ಬೇಗ್ ಓಲ್ಡಿಯಲ್ಲಿ, ಸುಮಾರು 5,000 ಮೀಟರ್ ಎತ್ತರದಲ್ಲಿ ಪರೀಕ್ಷಿಸಿದರು. ಅಷ್ಟು ಎತ್ತರದಲ್ಲಿ ಗಾಳಿ ತೆಳು. ತಳ್ಳಲು ಗಾಳಿಯೇ ಕಡಿಮೆ ಇರುವಾಗ ನಿಂತು ತೋರಿಸುವುದು ಹೆಲಿಕಾಪ್ಟರ್‌ಗೆ ಕಠಿಣ ಪರೀಕ್ಷೆ.

ನಿಲ್ಲುವ ಯುದ್ಧವಿಮಾನಗಳ ವಿಷಯ ಚಿಕ್ಕದು. ನಮ್ಮ ನೌಕಾಪಡೆಯಲ್ಲಿ 1983ರಿಂದ 2016ರವರೆಗೆ ಸೀ ಹ್ಯಾರಿಯರ್ ಇತ್ತು, ಗೋವಾ ಅದರ ನೆಲೆ. ಎಂಜಿನ್ನಿನ ನಾಲ್ಕು ಕೊಳವೆಗಳನ್ನು ನೆಲದ ಕಡೆ ತಿರುಗಿಸಿ, ಬರೀ ಎಂಜಿನ್ ಬಲದಿಂದ ಅದು ನಿಲ್ಲುತ್ತಿತ್ತು. ತೂಕ ಆ ಬಲಕ್ಕಿಂತ ಕಡಿಮೆ ಇದ್ದರೆ ಮಾತ್ರ. ಎಂಜಿನ್ ಕಾಯದಿರಲು ಒಳಗೆ ನೀರು ಚಿಮ್ಮಿಸಬೇಕಿತ್ತು, ಆ ನೀರು ಬರುತ್ತಿದ್ದದ್ದು ಒಂದೂವರೆ ನಿಮಿಷ. 2025ರ ಜೂನ್ 14ರಂದು ತಿರುವನಂತಪುರದಲ್ಲಿ ಇಳಿದು ಐದು ವಾರ ಹಾರಲಾಗದೆ ಕೂತ ಬ್ರಿಟಿಷ್ ಎಫ್-35ಬಿ ಇದೇ ಜಾತಿಯದು. ಕೇರಳದವರು ಚಿತ್ರದಲ್ಲಿ ಅದನ್ನು ತೆಂಗಿನ ಮರಗಳ ನಡುವೆ ನಿಲ್ಲಿಸಿ ಪ್ರವಾಸೋದ್ಯಮದ ಜಾಹೀರಾತನ್ನೇ ಮಾಡಿಬಿಟ್ಟರು, ಆ ಬುದ್ಧಿ ನಮ್ಮ ಕಲ್ಪತರು ನಾಡಿಗೆ ಹೊಳೆಯಬೇಕಿತ್ತು.

ಇಷ್ಟೆಲ್ಲ ಹೇಳಿದ ಮೇಲೂ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ. ಹೆಲಿಕಾಪ್ಟರ್ ಮೇಲೆ ಸುಮ್ಮನೆ ನಿಂತರೆ, ಕೆಳಗೆ ಭೂಮಿ ತಿರುಗಿ ಬೇರೆ ಊರು ಬರಬೇಕಲ್ಲ? ಪ್ರಶ್ನೆ ಒಳ್ಳೆಯದೇ. ನಮ್ಮ ಊರು ಭೂಮಿಯ ಜೊತೆ ಪೂರ್ವಕ್ಕೆ ಗಂಟೆಗೆ ಸುಮಾರು 1,600 ಕಿ.ಮೀ. ವೇಗದಲ್ಲಿ ತಿರುಗುತ್ತಿದೆ. ಹುಡುಗನ ತರ್ಕ ನಿಜವಾಗಿದ್ದರೆ ಕೆಂಕೆರೆಯ ಮೇಲೆ ಎದ್ದವರ ಕೆಳಗೆ ಏಳೆಂಟು ನಿಮಿಷದಲ್ಲಿ ಉಡುಪಿ ಸೀಮೆ ಬಂದುಬಿಡಬೇಕಿತ್ತು. ಆದರೆ ಗಾಳಿಯೂ ಭೂಮಿಯ ಜೊತೆಗೇ ತಿರುಗುತ್ತಿದೆ, ನೆಲ ಬಿಟ್ಟ ಹೆಲಿಕಾಪ್ಟರ್ ಕೂಡ ಆ ವೇಗವನ್ನು ಹೊತ್ತುಕೊಂಡೇ ಎದ್ದಿರುತ್ತದೆ. ಎಷ್ಟು ಹೊತ್ತು ನಿಂತರೂ ಅದರ ಕೆಳಗಿರುವುದು ಅದೇ ತೋಟ. ಉಡುಪಿಗೆ ಹೋಗುವವರು ಬಸ್ಸೇ ಹತ್ತಬೇಕು.